ಐದನೆಯ ಗೆರೆ

ಕಲಬ್ರಿಯಾ ದಡದ ಹತ್ತಿರ ಒಂದು ಗಂಡು ಕತ್ತಿಮೀನು ತನ್ನ ಹೆಂಡತಿಗೆ ಕಣ್ಣು ಹೊಡೆದದ್ದನ್ನು ನಾನು ಇತ್ತ ಸಿಸಿಲಿಯ ದಡದಲ್ಲಿ, ದೋಣಿಯ ಕಂಬದ ತುದಿಯಲ್ಲಿ ನಿಂತು ನೋಡಿದ್ದೇನೆ. ನಡುವೆ ಎರಡು ಮೈಲಿ ಸಮುದ್ರ. ಮರ್ಯಾದಸ್ಥನಾದ್ದರಿಂದ ತಕ್ಷಣ ಮುಖ ತಿರುಗಿಸಿಕೊಂಡೆ. ಆ ಹೆಣ್ಣುಮೀನು ನಾಚಿ ಕೆಂಪಾದದ್ದು ಮಾತ್ರ ಅಷ್ಟರಲ್ಲೇ ಕಣ್ಣಿಗೆ ಬಿದ್ದುಹೋಗಿತ್ತು.

ನಂಬಿಕೆ ಬಾರದಿದ್ದರೆ ನಮ್ಮ ಗಾಂಜಿರ್ರಿಗೆ ಬಂದು, ಕಂಬದ ಲಿಲ್ಲೋ ಎಂಥವನೆಂದು ಯಾರನ್ನಾದರೂ ಕೇಳಿ. "ಅವ್ನಾ? ಬಾಯ್ಬಿಟ್ರೆ ಸುಳ್ಳು" ಎನ್ನುತ್ತಾರೆ. ಹೊಟ್ಟೆಕಿಚ್ಚು, ಇನ್ನೇನು? ತನ್ನ ಹೆಸರಿನ ಮೀನೊಂದು ಸಮುದ್ರದಲ್ಲಿ ಓಡಾಡಿಕೊಂಡಿರುವ ಮನುಷ್ಯ ಈ ಊರಿನಲ್ಲಿ, ಮೆಸ್ಸೀನಾ ಪಟ್ಟಣದಲ್ಲಿ, ಬಹುಶಃ ಇಡೀ ಇಟಲಿಯಲ್ಲಿ ನಾನೊಬ್ಬನೇ. ಅದೂ ಅಂತಿಂಥ ಹೆಸರಲ್ಲ, ಲ್ಯಾಟಿನ್ ಹೆಸರು. ಪೋಪರು ದೇವರ ಹತ್ತಿರ ಮಾತಾಡುವ ಭಾಷೆ.

ಆ ಹೆಸರಿಟ್ಟವರು ಪ್ರೊಫೆಸರ್ ಡಾನ್ ಪ್ಲಾಚಿದೋ ಕಮ್ಮರೋಟಾ. ಗಂಡಸರಿಗೆ ಡಾನ್, ಹೆಂಗಸರಿಗೆ ದೊನ್ನ, ನಮ್ಮಲ್ಲಿ ದೊಡ್ಡವರನ್ನು ಕರೆಯುವುದು ಹಾಗೆ. ಮೊದಲು ಅವರ ವಿಷಯ ಹೇಳಬೇಕು. ಇಲ್ಲದಿದ್ದರೆ ನನ್ನ ದೊಡ್ಡಸ್ತಿಕೆ ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಡಾನ್ ಪ್ಲಾಚಿದೋ ಮೆಸ್ಸೀನಾದ ಔಷಧಿ ಅಂಗಡಿಯವರ ಮಗ. ಅಪ್ಪ ಅವರನ್ನು ನೇಪಲ್ಸಿಗೆ ಕಳಿಸಿ ವೈದ್ಯಕೀಯ ಓದಿಸಿದ. ಓದಿ ಬಂದು ಅವರು ನೋಡಿದ ರೋಗಿ ಒಬ್ಬನೇ. ಹೊಟ್ಟೆನೋವೆಂದು ಬಂದವನನ್ನು ಕೂರಿಸಿಕೊಂಡು, ಯಾವ ಮೀನು ತಿಂದೆ, ಅದರ ಬೆನ್ನಿನ ರೆಕ್ಕೆ ಒಂದಿತ್ತೋ ಎರಡೋ, ಬಾಲ ಕವಲಾಗಿತ್ತೋ ಇಲ್ಲವೋ ಎಂದು ಮೂರು ಗಂಟೆ ಕೇಳಿದರಂತೆ. ಹೊಟ್ಟೆನೋವು ತಾನಾಗಿಯೇ ಎದ್ದು ಮನೆಗೆ ಹೋಯಿತು. ಅಲ್ಲಿಗೆ ವೈದ್ಯಕೀಯ ಮುಗಿಯಿತು. ಆಮೇಲೆ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುತ್ತ, ನಲವತ್ತು ವರ್ಷ ಒಂದು ದಿನವೂ ತಪ್ಪದೆ, ಚರ್ಚಿನ ಮೊದಲ ಗಂಟೆಗೆ ಮುಂಚೆ ಮೀನುಪೇಟೆಯಲ್ಲಿ ಹಾಜರ್. ಬೇರೆಯವರು ತಿನ್ನುವ ಮೀನು ಹುಡುಕಿದರೆ ಇವರು ತಿನ್ನಲು ಬಾರದ ಮೀನು ಹುಡುಕುತ್ತಿದ್ದರು. ಮನೆಯ ತುಂಬ ಸ್ಪಿರಿಟ್ಟಿನಲ್ಲಿ ಮುಳುಗಿಸಿದ ಮೀನಿನ ಗಾಜಿನ ಭರಣಿಗಳು. ನನ್ನ ಲೆಕ್ಕದಲ್ಲಿ ನಲವತ್ತು ಸಾವಿರ. ಅವರ ತಂಗಿ ದೊನ್ನ ಅಗಾತಿನಾ ಆರುನೂರ ಹನ್ನೆರಡು ಎನ್ನುತ್ತಾರೆ. ಧೂಳು ಒರೆಸುವವರು ಅವರು, ಇರಲಿ ಬಿಡಿ. ಮೆಸ್ಸೀನಾದ ಬೆಕ್ಕುಗಳೆಲ್ಲ ವರ್ಷಕ್ಕೊಮ್ಮೆ ಆ ಮನೆ ಬಾಗಿಲಿಗೆ ಯಾತ್ರೆ ಬರುತ್ತಿದ್ದವು. ಇದಂತೂ ಸತ್ಯ.

ಅಂಥ ಮನುಷ್ಯನಿಗೆ ಒಂದೇ ಒಂದು ಆಸೆ. ಜಗತ್ತಿನಲ್ಲಿ ಯಾರೂ ಹೆಸರಿಡದ ಒಂದು ಮೀನಿಗೆ ತಾವು ಹೆಸರಿಡಬೇಕು. ಮೂರು ಸಲ ಇಟ್ಟರು. ಒಂದನ್ನು ಪ್ಯಾರಿಸಿನವರು ಅವರಿಗಿಂತ ಹನ್ನೊಂದು ವರ್ಷ ಮೊದಲೇ ಹೆಸರಿಸಿಬಿಟ್ಟಿದ್ದರು. ಇನ್ನೊಂದನ್ನು ಯಾರೋ ಇಂಗ್ಲೆಂಡಿನವನು. ಮೂರನೆಯದು ಹೊಸ ಮೀನೇ ಅಲ್ಲ, ಪೇಟೆಯಲ್ಲಿ ಸಿಗುವ ಮೀನಿನ ಮರಿಯೇ ಎಂದು ಗೊತ್ತಾಯಿತು. ಪ್ರತಿ ಸಲವೂ ಬಂದ ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟು, "ಇರ್ಲಿ ಬಿಡು ಅಗಾತೀ, ಮೀನಿಗೇನು, ಯಾವ ಹೆಸರಲ್ಲಾದ್ರೂ ಈಜುತ್ತೆ" ಎನ್ನುತ್ತಿದ್ದರಂತೆ. ಆ ದಿನ ಊಟ ಮಾತ್ರ ಮಾಡುತ್ತಿರಲಿಲ್ಲ.

ನನಗೂ ಅವರಿಗೂ ಗಂಟು ಬಿದ್ದದ್ದು ಸಿರೊಕ್ಕೋ ಗಾಳಿಯಿಂದ. ಆಫ್ರಿಕಾ ಕಡೆಯ ಆ ಬಿಸಿಗಾಳಿ ಮೂರು ದಿನ ಬೀಸಿತೆಂದರೆ ನಮ್ಮ ಜಲಸಂಧಿಯ ನೀರು ತಳಮೇಲಾಗುತ್ತದೆ. ಬೆಳಗಾಗುವ ಹೊತ್ತಿಗೆ ದೀಪಸ್ತಂಭದ ಕೆಳಗಿನ ಮರಳಿನ ಮೇಲೆ, ಹುಟ್ಟಿದಂದಿನಿಂದ ಸೂರ್ಯನ ಮುಖ ನೋಡದ ಮೀನುಗಳು ಬಿದ್ದಿರುತ್ತವೆ. ಕರ್ರಗೆ, ಬೆಳ್ಳಿಯಂತೆ, ಬಾಯಿತುಂಬ ಸೂಜಿ, ಹೊಟ್ಟೆಯುದ್ದಕ್ಕೂ ಸಣ್ಣ ಸಣ್ಣ ದೀಪ. ನಮ್ಮವರು ಕಾಲಿನಿಂದ ಒದ್ದು ಹೋಗುತ್ತಾರೆ. ಒಂದು ಮುಂಜಾನೆ ಆ ಮರಳಿನ ಮೇಲೆ, ಕರಿ ಕೋಟು ತೊಟ್ಟ ಮುದುಕರೊಬ್ಬರು ಅಂಬೆಗಾಲಿಕ್ಕುತ್ತ ಕೈಯಿಂದ ತಡಕಾಡುತ್ತಿದ್ದರು.

"ಏನ್ ಕಳ್ಕೊಂಡ್ರಿ ಸ್ವಾಮಿ?" ಎಂದೆ.

"ಕಣ್ಣು" ಎಂದರು. "ಎರಡಕ್ಕೂ ಪೊರೆ ಬಂದಿದೆ ಕಣಯ್ಯ. ಮೀನೂ ಕಲ್ಲೂ ಒಂದೇ ಥರ ಕಾಣ್ತಿವೆ. ನಿನ್ನ ಕಣ್ಣು ಹೇಗಿದೆ?"

ಆಗ ಆ ಕಣ್ಣು ಹೊಡೆದ ಕತ್ತಿಮೀನಿನ ಕತೆ ಹೇಳಿದೆ. ಅವರು ಮರಳಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾಕೆ ಅಷ್ಟು ನಕ್ಕರೋ ಆಗ ತಿಳಿಯಲಿಲ್ಲ.

ಮಾರನೆಯ ದಿನದಿಂದ ನಾನು ಅವರ ಕಣ್ಣು. ಕತ್ತಿಮೀನಿನ ಕಾಲ ಮೇ ತಿಂಗಳಿಂದ ಆಗಸ್ಟ್‌ವರೆಗೆ. ಉಳಿದ ತಿಂಗಳೆಲ್ಲ ಅವರ ಮೇಜಿನ ಮುಂದೆ. ಅವರು "ಕಿಬ್ಬೊಟ್ಟೆಯ ರೆಕ್ಕೆ" ಎನ್ನಬೇಕು, ನಾನು ಅದರ ಕಡ್ಡಿಗಳನ್ನು ಒಂದೊಂದಾಗಿ ಸೂಜಿಯಿಂದ ಬಿಡಿಸಿ ಎಣಿಸಬೇಕು, ದೊನ್ನ ಅಗಾತಿನಾ ಬರೆದುಕೊಳ್ಳಬೇಕು.

ಮೊದಲ ದಿನ ಮೊದಲ ಮೀನು. "ಎಷ್ಟು?" ಎಂದರು.

"ನೂರು!" ಎಂದೆ. ಮನೆಗೆ ಬಂದ ಮೊದಲ ದಿನ ಸಣ್ಣ ಸಂಖ್ಯೆ ಹೇಳುವುದು ಚೆನ್ನಾಗಿರುವುದಿಲ್ಲ.

ಅವರು ತಮ್ಮ ಬೆರಳ ತುದಿಯಿಂದ ಆ ರೆಕ್ಕೆಯನ್ನು ನಿಧಾನವಾಗಿ ಸವರಿದರು. "ಹದಿನೇಳು. ಈ ಮೀನು ನನಗೆ ಮೂವತ್ತು ವರ್ಷದಿಂದ ಗೊತ್ತು. ನಿನ್ನನ್ನ ಪರೀಕ್ಷೆ ಮಾಡೋಕೆ ಕೊಟ್ಟಿದ್ದು."

ದೊನ್ನ ಅಗಾತಿನಾ ಲೇಖನಿ ಕೆಳಗಿಟ್ಟರು. "ಅಣ್ಣಾ, ಇವನನ್ನ ಕಟ್ಕೊಂಡು ಪುಸ್ತಕ ಬರೆಯೋದೂ ಒಂದೇ, ಬೆಕ್ಕಿಗೆ ಅಡುಗೆಮನೆ ಕೀಲಿಕೈ ಕೊಡೋದೂ ಒಂದೇ."

"ಇರಮ್ಮ" ಎಂದು ಅವರು ನನ್ನ ಕಡೆ ತಿರುಗಿದರು. "ಲಿಲ್ಲೋ, ಒಂದು ಒಪ್ಪಂದ. ಸಮುದ್ರದ ಮೇಲೆ ನಿನ್ನ ನಾಲಿಗೆ ನಿನ್ನದು. ಬೀದಿಲೂ ನಿನ್ನದೇ. ಈ ಮೇಜಿನ ಹತ್ರ ಮಾತ್ರ ಅದು ನನ್ನದು. ಆಯ್ತಾ?"

"ಪತ್ರದ ಮಾತೆಯಾಣೆ ಸ್ವಾಮಿ" ಎಂದೆ. ನಮ್ಮ ಪಟ್ಟಣ ಕಾಯುವ ದೇವಮಾತೆ ಅವಳು, ಮೆಸ್ಸೀನಾದವರಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ. ಆರು ವರ್ಷ ನಡೆಸಿಕೊಟ್ಟೆ. ಹದಿನೇಳಕ್ಕೆ ಹದಿನೇಳು, ಒಂಬತ್ತಕ್ಕೆ ಒಂಬತ್ತು. ಮನೆಯಿಂದ ಹೊರಬಿದ್ದ ಕೂಡಲೇ ಬೀದಿಯಲ್ಲಿ ಸಿಕ್ಕವರಿಗೆ ಇಡೀ ದಿನದ ಬಾಕಿ ಸುಳ್ಳನ್ನೆಲ್ಲ ಹೇಳಿ ಹಗುರಾಗುತ್ತಿದ್ದೆ. ದೊನ್ನ ಅಗಾತಿನಾಗೆ ನನ್ನ ಮೇಲೆ ಉಳಿದ ದೂರು ಒಂದೇ, ನನ್ನ ಉಗುರು. ನನ್ನ ಬಲಗೈಯ ಕಿರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿದೆ. ಒಂದು ಶಾರ್ಕ್ ಕಚ್ಚಿದ್ದು. ಕಚ್ಚಿದ ಮೇಲೆ ನನ್ನ ಮುಖ ನೋಡಿ, ಕ್ಷಮೆ ಕೇಳಿ ಬಿಟ್ಟುಬಿಟ್ಟಿತು. ಆ ಸೀಳು ಅವರ ಲೇಸಿನ ಮೇಜುವಸ್ತ್ರಕ್ಕೆ ಸಿಕ್ಕಿ ದಾರ ಕೀಳುತ್ತಿತ್ತು. "ಉಗುರೋ ಗಾಳವೋ ಅದು!" ಎಂದು ಅವರು ವಾರಕ್ಕೊಮ್ಮೆ ಬೈಯುತ್ತಿದ್ದರು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕತ್ತಿಮೀನಿನ ಬೇಟೆಯಲ್ಲಿ ಕಂಬದ ಮೇಲಿನವನು ಮೀನನ್ನು ಕಂಡು ದಾರಿ ಕೂಗುತ್ತಾನೆ, ಕೆಳಗಿನ ಸಣ್ಣ ದೋಣಿಯವರು ಹುಟ್ಟು ಹಾಕುತ್ತಾರೆ, ದೋಣಿಯ ಮೂತಿಯಲ್ಲಿ ನಿಂತವನು ಈಟಿ ಎಸೆಯುತ್ತಾನೆ. ಮೀನು ದೋಣಿಗೆ ಬಂದ ಕೂಡಲೇ ಈಟಿಯವನು ಅದರ ಕೆನ್ನೆಯ ಮೇಲೆ ತನ್ನ ನಾಲ್ಕು ಬೆರಳಿನ ಉಗುರಿನಿಂದ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಗೆರೆ ಎಳೆಯುತ್ತಾನೆ. ಶಿಲುಬೆಯ ಗುರುತು. ಅದಿಲ್ಲದೆ ಮೀನು ಪೇಟೆಗೆ ಹೋಗದು. ಆ ಗೆರೆ ಎಳೆಯುವ ಹಕ್ಕು ಈಟಿಯವನದು ಮಾತ್ರ. ಇಪ್ಪತ್ತೆಂಟು ವರ್ಷ ಕಂಬದ ಮೇಲೆ ಬಿಸಿಲಿನಲ್ಲಿ ಬೆಂದ ನನಗೆ ಇಲ್ಲ. ನಮ್ಮ ದೋಣಿಯ ಈಟಿಯವನು ನನ್ನ ಹೆಂಡತಿ ಸಾಂತಿನಾಳ ತಮ್ಮ ಬಿಯಾಜೋ. ಪ್ರೊಫೆಸರ ಮೇಜು ಸೇರಿದ ಆರನೆಯ ವರ್ಷ ಒಮ್ಮೆ ನಾನು, "ಇವತ್ತಿನ ಮೀನಿಗೆ ಗೆರೆ ನಾನ್ ಎಳೀಲೇನೋ?" ಎಂದು ಕೇಳಿದ್ದೆ.

"ಭಾವ, ನೀನ್ ಕಂಡಿದ್ದು ಮೀನು, ನಾನ್ ಹೊಡೆದಿದ್ದೂ ಮೀನು" ಎಂದ ಬಿಯಾಜೋ, ಹುಟ್ಟು ಹಾಕುವವರೆಲ್ಲ ಕೇಳುವ ಹಾಗೆ. "ಮದುವೇಲಿ ಹುಡುಗೀನ ನೋಡಿದೋರೆಲ್ಲ ಉಂಗುರ ತೊಡಿಸೋಕಾಗುತ್ತಾ?"

ದೋಣಿ ಮಗುಚುವಷ್ಟು ನಕ್ಕರು. ನಾನೂ ನಕ್ಕೆ. ಅದು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿಯಿತು.

ಅದೇ ವರ್ಷ, ನವೆಂಬರಿನಲ್ಲಿ, ನಾಲ್ಕು ದಿನ ಸಿರೊಕ್ಕೋ ಬೀಸಿತು. ಐದನೆಯ ದಿನ ಬೆಳಕು ಹರಿಯುವಾಗ ದೀಪಸ್ತಂಭದ ಕೆಳಗೆ ನಾನೊಬ್ಬನೇ. ಡಾನ್ ಪ್ಲಾಚಿದೋ ಕೆಮ್ಮು ಹಿಡಿದು ಮಲಗಿದ್ದರು. ಮರಳಿನ ಮೇಲೆ ಗೇಣುದ್ದದ ಮೀನು. ಮೇಲೆ ಇಜ್ಜಲಿನ ಹಾಗೆ ಕಪ್ಪು, ಪಕ್ಕ ತೊಳೆದ ಬೆಳ್ಳಿ, ಹೊಟ್ಟೆಯ ಕೆಳಗೆ ದೀಪದ ಸಾಲು. ಇನ್ನೂ ಉಸಿರಾಡುತ್ತಿತ್ತು. ಅಂಥದ್ದನ್ನು ನಾನು ಅವರ ಭರಣಿಗಳಲ್ಲಿ ಕಂಡಿರಲಿಲ್ಲ. ಎತ್ತಿ ಬುಟ್ಟಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, ಓಡುತ್ತ ಪಟ್ಟಣಕ್ಕೆ ಹೋದೆ. ಎಂಟು ಮೈಲಿ ದಾರಿ. ನನ್ನ ಓಟ ನೋಡಿ ಅಂಚೆಗಾಡಿಯ ಕುದುರೆಗಳು ತಲೆತಗ್ಗಿಸಿದವು.

ಸ್ಪಿರಿಟ್ಟಿಗೆ ಹಾಕಿದ ಮೀನನ್ನು ಮೂರನೆಯ ದಿನ ಮೇಜಿನ ಮೇಲಿಟ್ಟರು. ಎಣಿಸಿದೆವು. ಹೊಟ್ಟೆಯ ದೀಪ ಹನ್ನೆರಡು. ಬೆನ್ನಿನ ಕಡ್ಡಿ ಒಂಬತ್ತು. ಎಲ್ಲವೂ ಹಳೆಯ ಪುಸ್ತಕದಲ್ಲಿರುವ ಒಂದು ಮೀನಿಗೆ ಹೊಂದುತ್ತಿತ್ತು. ಡಾನ್ ಪ್ಲಾಚಿದೋ ನಿಟ್ಟುಸಿರು ಬಿಟ್ಟರು. "ಬೇರೇನಾದ್ರೂ ಕಾಣುತ್ತಾ ಲಿಲ್ಲೋ?"

"ಕಿವಿರಿನ ಹಿಂದೆ ಬೆಳ್ಳಿ ಮೇಲೆ ಗೆರೆ ಇದೆ ಸ್ವಾಮಿ."

"ಎಷ್ಟು?"

"ಐದು. ಮೂರು ದೂರ ದೂರ. ಕೊನೆಯ ಎರಡು ಹತ್ತಿರ ಹತ್ತಿರ."

ಅವರ ಬೆರಳು ಗಾಳಿಯಲ್ಲೇ ನಿಂತಿತು. "ಅಗಾತೀ, ಐದು ಗೆರೆ! ಯಾವ ಪುಸ್ತಕದಲ್ಲೂ ಇಲ್ಲ! ಐದು ಗೆರೆ ಇರೋ ಮೀನು ಯಾರೂ ಬರೆದಿಲ್ಲ!"

ಅವತ್ತು ಆ ಮನೆಯಲ್ಲಿ ಬಾದಾಮಿ ರೊಟ್ಟಿ ಸುಟ್ಟರು. ಡಾನ್ ಪ್ಲಾಚಿದೋ ಎರಡು ಸಲ ಬಡಿಸಿಕೊಂಡು ಉಂಡರು. ಉಂಡು, ಬಾಯಿ ಒರೆಸಿಕೊಂಡು, "ಇದಕ್ಕೆ ನನ್ನ ಹೆಸರು ಬೇಡ. ನನ್ನ ಕಣ್ಣಿನ ಹೆಸರಿಡ್ತೀನಿ" ಎಂದು ನನ್ನ ಹೆಸರಿಟ್ಟರು. ದೊನ್ನ ಅಗಾತಿನಾ ಅತ್ತರು. ನಾನೂ ಅತ್ತೆ, ಆ ಕಣ್ಣೀರಿನಲ್ಲಿ ಮೇಜಿನ ಕಾಲು ಮುಳುಗಿತು.

ಗಾಂಜಿರ್ರಿಯಲ್ಲಿ ನಾನು ಚಳಿಗಾಲವೆಲ್ಲ ನೆಲಕ್ಕೆ ಕಾಲಿಡದೆ ನಡೆದೆ. "ಏನೋ ಬಿಯಾಜೋ, ನಿನ್ನ ಹೆಸರಿನ ಮೀನು ಯಾವುದಪ್ಪಾ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದೆ.

"ಸ್ವಲ್ಪ ತಾಳು ಭಾವ" ಎನ್ನುತ್ತಿದ್ದ. "ನಿನ್ನ ಮೀನು ಮರಿ ಹಾಕಿದ್ರೆ ಎಲ್ಲ ಬರೀ ಬಾಯಿಯೇ ಹುಟ್ಟಾವು."

ವಸಂತದಲ್ಲಿ ವಿಯೆನ್ನಾದಿಂದ ಕಾಗದ ಬಂತು. ಅಲ್ಲಿಯ ಮ್ಯೂಸಿಯಮ್ಮಿನ ಡಾಕ್ಟರ್ ಹೋರ್ನಿಗ್ ಎಂಬ ವಿದ್ವಾಂಸ ತಾನೇ ಬರುತ್ತಾನಂತೆ. ಮೀನನ್ನು ಕಣ್ಣಾರೆ ನೋಡಿ, ಹೊಸದು ಎಂದು ಒಪ್ಪಿದರೆ ಚಿತ್ರ ಬರೆಸಿ ಅಚ್ಚು ಹಾಕಿಸುತ್ತಾನೆ. ಡಾನ್ ಪ್ಲಾಚಿದೋ ಅವರ ನಲವತ್ತು ವರ್ಷದ ಪುಸ್ತಕವನ್ನೂ ಅಲ್ಲೇ ಮುದ್ರಿಸುತ್ತಾನೆ. ಒಪ್ಪದಿದ್ದರೆ ನಾಲ್ಕನೆಯ ಸಲವೂ ಡ್ರಾಯರಿಗೆ ಕಾಗದ.

ಅವನು ಬಂದ. ಕೆಂಪು ಗಡ್ಡ, ಏಳಡಿ ಎತ್ತರ. ಬಾಗಿಲಿನಲ್ಲಿ ಬಗ್ಗದೆ ಬಂದನಲ್ಲ ಎಂದು ಕೇಳಬೇಡಿ. ಅವನಿಗೆ ಪುಸ್ತಕದ ಇಟಾಲಿಯನ್ ಬರುತ್ತಿತ್ತು, ನಮ್ಮ ಸಿಸಿಲಿಯ ಮಾತು ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ. ದೊನ್ನ ಅಗಾತಿನಾ ಟೊಮೆಟೊ, ಆಲಿವ್ ಹಾಕಿ ಬೇಯಿಸಿದ ಕತ್ತಿಮೀನು ಬಡಿಸಿದರು. ಉಂಡ ಮೇಲೆ ಭರಣಿ ಮೇಜಿಗೆ ಬಂತು. ವಿಯೆನ್ನಾದವನು ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದ. ದೀಪ ಎಣಿಸಿದ, ಕಡ್ಡಿ ಎಣಿಸಿದ, ಗೆರೆ ಎಣಿಸಿದ. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದೆ. ಕೊನೆಗೆ ಎದ್ದು, ಡಾನ್ ಪ್ಲಾಚಿದೋ ಅವರ ಎರಡೂ ಕೈ ಹಿಡಿದುಕೊಂಡ.

"ಐದು ಗೆರೆ. ಹೊಸದೇ. ಅಭಿನಂದನೆ ಪ್ರೊಫೆಸರ್."

ಮುದುಕರು ಆ ಬೆಳ್ಳಗಿನ ಕಣ್ಣುಗಳನ್ನು ಮುಚ್ಚಿ ತೆರೆದರು, ಅಷ್ಟೇ. ನಲವತ್ತು ವರ್ಷ ಮುಖದಿಂದ ಇಳಿದುಹೋದ ಹಾಗಿತ್ತು. ಈ ಮಾತಿನಲ್ಲಿ ಒಂದು ಕೂದಲಿನಷ್ಟೂ ಹೆಚ್ಚಿಲ್ಲ.

ವಿಯೆನ್ನಾದವನು ಮೀನನ್ನು ಕಟ್ಟಿಕೊಳ್ಳಲು ಹತ್ತಿ ತೆಗೆದ. "ಒಂದು ನಿಮಿಷ" ಎಂದರು ಡಾನ್ ಪ್ಲಾಚಿದೋ. "ಲಿಲ್ಲೋ, ನನ್ನ ಕೈಗೆ ಕೊಡಯ್ಯ. ಒಂದ್ಸಲ ಹೋಗಿಬಾ ಅಂತ ಹೇಳ್ತೀನಿ."

ಮೀನನ್ನು ಎತ್ತಿ ಅವರ ಅಂಗೈಯಲ್ಲಿಟ್ಟೆ. ಕೈ ಹಿಂದೆ ತೆಗೆಯುವಾಗ ನನ್ನ ಉಗುರಿನ ಸೀಳು ಅವರ ತೋಳಿನ ಲೇಸಿಗೆ ಸಿಕ್ಕಿಕೊಂಡಿತು. ಅವರು ತಾವೇ ಬಿಡಿಸಲು ಹೋದರು. ಅವರ ಹೆಬ್ಬೆರಳು ನನ್ನ ಉಗುರನ್ನು ಮುಟ್ಟಿತು. ನಿಂತಿತು. ಸೀಳಿನ ಈ ಅಂಚು ಮುಟ್ಟಿತು, ಆ ಅಂಚು ಮುಟ್ಟಿತು. ಆಮೇಲೆ ನಿಧಾನವಾಗಿ ಮೀನಿನ ಕಡೆ ಹೋಯಿತು. ಒಂದು, ಎರಡು, ಮೂರು. ಆಮೇಲೆ ಹತ್ತಿರ ಹತ್ತಿರದ ಎರಡು.

ಕೋಣೆಯಲ್ಲಿ ಭರಣಿಗಳೊಳಗಿನ ಮೀನುಗಳೂ ಉಸಿರು ಹಿಡಿದವು.

ಅವರು ಕೂಗಾಡಲಿಲ್ಲ. ಮುಖ ನನ್ನ ಕಡೆ ತಿರುಗಿಸಿ, ವಿಯೆನ್ನಾದವನಿಗೆ ತಿಳಿಯದ ನಮ್ಮ ಮಾತಿನಲ್ಲಿ, ಮೆಲ್ಲಗೆ ಕೇಳಿದರು: "ಲಿಲ್ಲೋ, ನಾವೀಗ ಎಲ್ಲಿದ್ದೀವಿ? ಬೀದಿಲೋ, ಮೇಜಿನ ಹತ್ರಾನೋ?"

ಬೀದಿಯಲ್ಲಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಸುಮ್ಮನಿರುತ್ತಿದ್ದರೋ ಏನೋ. ಮೀನು ವಿಯೆನ್ನಾಕ್ಕೆ ಹೋಗುತ್ತಿತ್ತು. ಅವರಿಗೊಂದು ಮೀನು, ನನಗೊಂದು ಹೆಸರು. ದೊನ್ನ ಅಗಾತಿನಾ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು, ಅವರಿಗಿನ್ನೂ ತಿಳಿದಿರಲಿಲ್ಲ.

"ಮೇಜಿನ ಹತ್ರ ಸ್ವಾಮಿ" ಎಂದೆ.

"ಸರಿ. ಹೇಳು."

"ನಾನೇ ಗೀರಿದ್ದು. ಮರಳಿನ ಮೇಲೆ. ಯಾರೂ ಇರ್ಲಿಲ್ಲ. ಇಪ್ಪತ್ತೆಂಟು ವರ್ಷ ಸ್ವಾಮಿ, ಒಂದು ಮೀನಿಗೂ ಗೆರೆ ಎಳಿಯೋಕೆ ಬಿಟ್ಟಿಲ್ಲ ನನ್ನ. ಇದನ್ನಂತೂ ನಾನೇ ಕಂಡೆ, ನಾನೇ ಹಿಡಿದೆ. ಉದ್ದಕ್ಕೆ ಎಳೆದೆ. ಅಡ್ಡ ಎಳಿಯೋ ಹೊತ್ತಿಗೆ ಮೀನು ಮಿಸುಕ್ತು, ಬಿಟ್ಬಿಟ್ಟೆ. ಅದಕ್ಕೇ ಶಿಲುಬೆ ಆಗ್ಲಿಲ್ಲ. ಅದಕ್ಕೇ ತಮಗೆ ಗೊತ್ತಾಗ್ಲಿಲ್ಲ. ತಾವು ಎಷ್ಟು ಅಂತ ಕೇಳಿದ್ರಿ, ಐದು ಅಂದೆ. ಸುಳ್ಳು ಹೇಳ್ಲಿಲ್ಲ. ಎಲ್ಲಿಂದ ಬಂತು ಅಂತ ತಾವು ಕೇಳ್ಲಿಲ್ಲ."

"ಕೇಳ್ಲಿಲ್ಲ" ಎಂದರು. "ಕೇಳ್ಬೇಕಿತ್ತು. ಆಸೆ ಕಣಯ್ಯ. ಪೊರೆ ಕಣ್ಣಿಗೆ ಮಾತ್ರ ಬಂದಿರ್ಲಿಲ್ಲ."

ಆಮೇಲೆ ವಿಯೆನ್ನಾದವನ ಕಡೆ ತಿರುಗಿ, ಪುಸ್ತಕದ ಇಟಾಲಿಯನ್ನಿನಲ್ಲಿ, ಒಂದು ಪದವನ್ನೂ ಬಿಡದೆ ಎಲ್ಲ ಹೇಳಿದರು. ಕಂಬ, ಈಟಿ, ಉಗುರು, ಶಿಲುಬೆ. ದೊನ್ನ ಅಗಾತಿನಾ ಕುರ್ಚಿಯ ಮೇಲೆ ಕುಸಿದರು. ವಿಯೆನ್ನಾದವನ ಮುಖ ಗಡ್ಡಕ್ಕಿಂತ ಕೆಂಪಾಯಿತು.

"ಹಾಗಾದರೆ ಇದು ಹಳೆಯ ಮೀನು" ಎಂದ. "ಅದಿರಲಿ. ಈ ಪುಸ್ತಕದ ಕೊನೆಯ ಆರು ವರ್ಷದ ಎಣಿಕೆಯೆಲ್ಲ ಈ ಮನುಷ್ಯನದ್ದು! ಅದನ್ನು ನಾನು ಹೇಗೆ ನಂಬಲಿ?"

ಆಗ ನನಗೆ ನೆಲ ಬಾಯಿ ಬಿಟ್ಟ ಹಾಗಾಯಿತು. ಒಂದು ಮೀನು ಹೋಯಿತೆಂದುಕೊಂಡಿದ್ದೆ. ನನ್ನ ಉಗುರು ಅವರ ಇಡೀ ಪುಸ್ತಕವನ್ನೇ ಗೀರಿತ್ತು.

"ನಂಬಬೇಡಿ" ಎಂದರು ಡಾನ್ ಪ್ಲಾಚಿದೋ. "ಎಣಿಸಿ."

ಅವನು ಕೋಟು ಕಳಚಿ ಕೂತ. ಆ ಆರು ವರ್ಷದ ಭರಣಿಗಳಲ್ಲಿ ಕಣ್ಣಿಗೆ ಬಿದ್ದವನ್ನು ಇಳಿಸಿದ. ಹನ್ನೊಂದು ಭರಣಿ. ಅವನು ಎಣಿಸುವುದು, ದೊನ್ನ ಅಗಾತಿನಾ ಅಳುತ್ತಲೇ ಪುಸ್ತಕದಿಂದ ಓದುವುದು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹದಿನಾಲ್ಕು, ಹದಿನಾಲ್ಕು. ಇಪ್ಪತ್ತೆರಡು, ಇಪ್ಪತ್ತೆರಡು. ಒಂದರಲ್ಲಿ ವಿಯೆನ್ನಾದವನೇ ತಪ್ಪಿದ, ನಾನು ಅವನನ್ನು ತಿದ್ದಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಹಾಗೇನೂ ಆಗಲಿಲ್ಲ. ಅವನು ತಪ್ಪಲಿಲ್ಲ, ನಾನೂ ತಪ್ಪಿರಲಿಲ್ಲ. ಹನ್ನೊಂದನೆಯದು ಮುಗಿದಾಗ ಅವನು ಭೂತಗನ್ನಡಿ ಮಡಚಿಟ್ಟು, "ಪುಸ್ತಕ ಅಚ್ಚಾಗುತ್ತದೆ" ಎಂದ. ನನ್ನ ಕಡೆ ನೋಡಲಿಲ್ಲ.

ಅವನು ಹೋದ ಮೇಲೆ ಡಾನ್ ಪ್ಲಾಚಿದೋ ಮೀನನ್ನು ಮತ್ತೆ ಭರಣಿಗೆ ಹಾಕಿಸಿದರು. "ಇರ್ಲಿ ಬಿಡು ಅಗಾತೀ" ಎಂದರು. "ಮೀನಿಗೇನು." ಮುಂದಿನದನ್ನು ಹೇಳಲಿಲ್ಲ. ಅವತ್ತು ಊಟ ಮಾಡಲಿಲ್ಲ. ಮರುದಿನ ನಾನು ಹೋಗಲಿಲ್ಲ. ಅದರ ಮರುದಿನ ದೊನ್ನ ಅಗಾತಿನಾ ಹೇಳಿಕಳಿಸಿದರು: "ಅಣ್ಣ ಕೇಳ್ತಿದಾರೆ, ಕಣ್ಣು ಎಲ್ಲಿ ಹೋಯ್ತು ಅಂತ. ಬರೋವಾಗ ಉಗುರು ಕತ್ತರಿಸ್ಕೊಂಡು ಬಾ."

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಒಪ್ಪಿಬಿಡುತ್ತೇನೆ, ಯಾಕೆಂದರೆ ಈ ಕಾಗದವನ್ನು ಇಟ್ಟುಕೊಂಡು ಬರೆಯುತ್ತಿರುವುದು ಅದೇ ಮೇಜಿನ ಮೇಲೆ. ಡಾನ್ ಪ್ಲಾಚಿದೋ ತೀರಿಕೊಂಡು ಒಂಬತ್ತು ವರ್ಷವಾಯಿತು. ಮೇಜನ್ನು ದೊನ್ನ ಅಗಾತಿನಾ ನನಗೆ ಕೊಟ್ಟರು. ನನ್ನ ಹೆಸರಿನ ಮೀನು ಯಾವ ಸಮುದ್ರದಲ್ಲೂ ಇಲ್ಲ. ಅಚ್ಚಾದ ಪುಸ್ತಕದಲ್ಲಿ ಆ ಮೀನು ಪ್ಯಾರಿಸಿನವರು ಇಟ್ಟ ಹಳೆಯ ಹೆಸರಿನಲ್ಲೇ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಎಣಿಸಿದವನು, ಗಾಂಜಿರ್ರಿಯ ಲಿಲ್ಲೋ" ಎಂದಿದೆ. ಉಗುರು ಸೀಳಿದ್ದು ಶಾರ್ಕಿನಿಂದಲ್ಲ, ನಮ್ಮ ಮೇಕೆಯ ಕೊಟ್ಟಿಗೆಯ ಬಾಗಿಲು ಬಡಿದು. ಪಟ್ಟಣಕ್ಕೆ ಓಡಲಿಲ್ಲ, ಬಿಯಾಜೋನ ಕತ್ತೆಗಾಡಿಯಲ್ಲಿ ಹೋದೆ.

ಕತ್ತಿಮೀನು ಕಣ್ಣು ಹೊಡೆಯಲಾರದು. ಅದಕ್ಕೆ ರೆಪ್ಪೆಯೇ ಇಲ್ಲ. ಅವತ್ತು ಮರಳಿನ ಮೇಲೆ ಡಾನ್ ಪ್ಲಾಚಿದೋ ಯಾಕೆ ಅಷ್ಟು ನಕ್ಕರೆಂದು ಅವರೇ ಎಷ್ಟೋ ವರ್ಷದ ಮೇಲೆ ಹೇಳಿದರು.